ಬಯಲಿಗೆ ಇಳಿಯುವ ಮುನ್ನ

ನಮ್ಮೂರಿನ ತರುಣನೊಬ್ಬ ಕಳೆದ ಮಳೆಗಾಲದಲ್ಲಿ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವನು ಗೆಳೆಯರೊಡನೆ ಪೆರು ದೇಶದ ಇಂಕಾ ಅವಶೇಷಗಳನ್ನು ನೋಡಲು ಹೊರಟಿದ್ದ. ಆಲೂಗಡ್ಡೆ ತಳಿಗಳ ಕುರಿತಾದ ತರಬೇತಿಗೆಂದು ನಾನು ಹಿಂದೊಮ್ಮೆ ಆ ದೇಶಕ್ಕೆ ಹೋಗಿದ್ದುದು ಅವನಿಗೆ ಗೊತ್ತಿತ್ತು. ಎರಡು ತಾಸು ಕುಳಿತು ಪ್ರಶ್ನೆಗಳ ಸುರಿಮಳೆಗರೆದ. ಅಷ್ಟು ಎತ್ತರದಲ್ಲಿ ಉಸಿರಾಟ ಹೇಗೆ, ಎಷ್ಟು ದಿನ ವಿಶ್ರಾಂತಿ ಬೇಕು, ಯಾವ ತಿಂಗಳು ಒಳ್ಳೆಯದು, ಏನು ತಿನ್ನಬೇಕು, ಏನು ತಿನ್ನಬಾರದು. ತಿಳಿದಷ್ಟನ್ನೂ ಹೇಳಿದೆ.

ಅದೇ ವಾರ ನಮ್ಮ ಬಳಗದ ಅಧ್ಯಯನ ಗುಂಪಿನ ವಿದ್ಯಾರ್ಥಿಗಳು ಒಂದು ಮನವಿಯೊಡನೆ ಬಂದರು. ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ಮೂರನೆಯ ವಾರದಲ್ಲಿ, ಐವತ್ತು ಜನ, ಒಂದು ಬಸ್ಸು, ಮೂರು ದಿನ. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ. ನನ್ನ ಒಪ್ಪಿಗೆಯ ಸಹಿಯೊಂದು ಬೇಕಿತ್ತು. ಏನು ಎಚ್ಚರಿಕೆ ವಹಿಸಬೇಕೆಂದು ಒಬ್ಬರೂ ಕೇಳಲಿಲ್ಲ. ನಾನೇ ಕೇಳಿದಾಗ ಬಂದ ಉತ್ತರ: "ಬಯಲುಸೀಮೆ ಅಲ್ಲವೇ ಸರ್, ಹತ್ತುವುದೇನೂ ಇಲ್ಲ, ಬಸ್ಸಿನಲ್ಲಿ ಕುಳಿತರೆ ಆಯಿತು."

ನಾನು ಸಹಿ ಮಾಡಲಿಲ್ಲ. ಅದರ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೋಗಬೇಡಿ ಎಂಬುದು ನನ್ನ ಮಾತಲ್ಲ. ಹೋಗಲೇಬೇಕು, ಆದರೆ ಹೀಗಲ್ಲ.

ಮೊದಲು ಪೆರುವಿನ ಮಾತು. ಲಿಮಾ ನಗರ ಸಮುದ್ರದಂಚಿನಲ್ಲಿದೆ. ಅಲ್ಲಿಂದ ವಿಮಾನ ಹತ್ತಿದರೆ ಸುಮಾರು ಒಂದೂವರೆ ತಾಸಿನಲ್ಲಿ ಇಂಕಾ ಅರಸರ ರಾಜಧಾನಿಯಾಗಿದ್ದ ಕುಸ್ಕೊ ಸಿಗುತ್ತದೆ. ಅದು ಸುಮಾರು 3400 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ 1930 ಮೀಟರ್ ಎಂಬುದನ್ನು ನೆನೆದರೆ ಆ ಎತ್ತರದ ಅಂದಾಜಾದೀತು. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಇಲ್ಲಿಯಷ್ಟೇ; ಆದರೆ ವಾಯುವಿನ ಒತ್ತಡ ಕಡಿಮೆಯಾದ್ದರಿಂದ ಒಂದು ಉಸಿರಿಗೆ ದೊರೆಯುವುದು ಸಮುದ್ರಮಟ್ಟದ ಮೂರನೆಯ ಎರಡು ಭಾಗ ಮಾತ್ರ. ನಾನು ಬೆಟ್ಟದವನು, ದಿನವೂ ಗುಡ್ಡ ಹತ್ತಿ ತೋಟಕ್ಕೆ ಹೋಗುವವನು ಎಂಬ ಹಮ್ಮಿನಿಂದ, ಇಳಿದ ಸಂಜೆಯೇ ಊರ ಮೇಲಿನ ಸಕ್ಸಾಯ್ವಾಮನ್ ಕೋಟೆಯನ್ನು ಹತ್ತಿದೆ. ರಾತ್ರಿಯಿಡೀ ತಲೆನೋವು, ವಾಂತಿ. ವಸತಿಗೃಹದ ಮುದುಕಿಯೊಬ್ಬಳು ಕೋಕಾ ಎಲೆಯ ಕಷಾಯ ಕೊಟ್ಟು, ಕೈಸನ್ನೆಯಿಂದಲೇ ಗದರಿ ಮಲಗಿಸಿದಳು. ಎರಡು ದಿನ ಏಳಲಿಲ್ಲ. ಎತ್ತರಕ್ಕೆ ಹೊಂದಿಕೊಳ್ಳಲು ದೇಹಕ್ಕೆ ಬೇಕಾಗುವುದು ಬಲವಲ್ಲ, ಸಮಯ. ಆದ್ದರಿಂದಲೇ ತಿಳಿದವರು ಕುಸ್ಕೊದಲ್ಲಿ ಇಳಿದವರನ್ನು ಮೊದಲು ಅದಕ್ಕಿಂತ ತಗ್ಗಿನಲ್ಲಿರುವ ಒಲ್ಯಾಂಟೈಟಾಂಬೊದಂತಹ ಕಣಿವೆಯ ಊರಿಗೆ ಕಳಿಸುತ್ತಾರೆ. ಮಾಚು ಪಿಚುವಂತೂ ಸುಮಾರು 2430 ಮೀಟರ್, ಕುಸ್ಕೊಗಿಂತ ಸಾವಿರ ಮೀಟರ್ ಕೆಳಗೆ. ಮೊದಲೆರಡು ದಿನ ನಿಧಾನ, ಹಗುರ ಊಟ, ಮದ್ಯ ವರ್ಜ್ಯ, ಬೇಕಿದ್ದರೆ ವೈದ್ಯರನ್ನು ಕೇಳಿ ಮಾತ್ರೆ. ತಲೆನೋವು ಹೆಚ್ಚುತ್ತಲೇ ಹೋದರೆ ಮರುಮಾತಿಲ್ಲದೆ ಕೆಳಗಿಳಿಯುವುದು. ನಮ್ಮ ತರುಣನಿಗೆ ಹೇಳಿದ್ದರ ಸಾರ ಇಷ್ಟೇ. ಕೋಕಾ ಎಲೆಯನ್ನು ನೆನಪಿಗೆಂದು ಚೀಲದಲ್ಲಿ ಹಾಕಿಕೊಂಡು ಬರಬೇಡವೆಂದೂ ಹೇಳಿದೆ. ನಮ್ಮ ದೇಶದಲ್ಲಿ ಅದು ಅಪರಾಧ.

ಇನ್ನು ನಮ್ಮ ಬಯಲಿನ ಮಾತು. ವಿಜಯಪುರ ಜಿಲ್ಲೆಯ ನೆಲ ಸಮುದ್ರಮಟ್ಟದಿಂದ ಐನೂರು ಆರುನೂರು ಮೀಟರ್ ಎತ್ತರದ್ದು. ಉಸಿರಿಗೆ ಅಲ್ಲಿ ಕೊರತೆಯಿಲ್ಲ. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ ನಲವತ್ತು ಡಿಗ್ರಿಯನ್ನು ದಾಟುತ್ತದೆ, ಗಾಳಿ ಒಣಗಿರುತ್ತದೆ. ಮಲೆನಾಡಿನವರಾದ ನಾವು ಮೋಸಹೋಗುವುದು ಈ ಒಣಗಾಳಿಯಲ್ಲೇ. ನಮ್ಮಲ್ಲಿ ಬೆವರು ಮೈಮೇಲೆ ನಿಲ್ಲುತ್ತದೆ, ಅಂಗಿ ಒದ್ದೆಯಾಗುತ್ತದೆ, ಬೆವರಿದೆವೆಂದು ತಿಳಿಯುತ್ತದೆ. ಅಲ್ಲಿ ಬೆವರು ಹೊರಬಂದೊಡನೆ ಆರಿಹೋಗುತ್ತದೆ. ಮೈ ಒಣಗಿದೆಯೆಂದು ನಾವು ನೆಮ್ಮದಿಯಿಂದಿರುವಾಗಲೇ ದೇಹ ತಾಸಿಗಿಷ್ಟು ಎಂದು ನೀರನ್ನೂ ಉಪ್ಪನ್ನೂ ಕಳೆದುಕೊಳ್ಳುತ್ತಿರುತ್ತದೆ. ಬಿಸಿಲಿಗೆ ದೇಹ ಪಳಗಲು ಒಂದರಿಂದ ಎರಡು ವಾರ ಬೇಕು. ಮೂರು ದಿನಗಳ ಪ್ರವಾಸದಲ್ಲಿ ಆ ಅವಕಾಶವೇ ಇಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ, ಇಂಥದೇ ಏಪ್ರಿಲ್ ಕೊನೆಯಲ್ಲಿ, ಮೂವತ್ತು ವಿದ್ಯಾರ್ಥಿಗಳನ್ನು ಮಣ್ಣು ಪರೀಕ್ಷೆಯ ಅಧ್ಯಯನಕ್ಕೆಂದು ತಾಳಿಕೋಟೆಯ ಕಡೆ ಡೋಣಿ ನದಿಯ ದಂಡೆಗೆ ಕರೆದೊಯ್ದಿದ್ದೆ. ಉಪಾಹಾರ, ಗುಂಪುಚಿತ್ರ, ಹರಟೆ ಎಂದು ಹೊರಟದ್ದೇ ಹನ್ನೊಂದಕ್ಕೆ. ತಲೆಗೊಂದು ಲೀಟರ್ ನೀರು. ಒಂದು ಗಂಟೆಯ ಹೊತ್ತಿಗೆ, ನೆರಳೇ ಇಲ್ಲದ ಎರೆಹೊಲದ ನಡುವೆ ಒಬ್ಬ ಹುಡುಗಿ ಅಸಂಬದ್ಧವಾಗಿ ಮಾತನಾಡತೊಡಗಿದಳು, ಮರುಕ್ಷಣ ಕುಸಿದಳು. ಮೈ ಕೆಂಡದಂತಿತ್ತು. ನಾನು ದಿಕ್ಕುಗೆಟ್ಟು ನಿಂತಿದ್ದಾಗ ಪಕ್ಕದ ಹೊಲದ ಹಿರಿಯ ರೈತರೊಬ್ಬರು ಓಡಿಬಂದರು. ಅವಳನ್ನು ಬೇವಿನ ಮರದಡಿಗೆ ಎತ್ತಿ ತರಿಸಿ, ತಮ್ಮ ಕೊಡದ ನೀರಿನಲ್ಲಿ ಟವೆಲನ್ನು ಅದ್ದಿ ಕುತ್ತಿಗೆ, ಕಂಕುಳು, ಹೊಟ್ಟೆಯ ಮೇಲೆ ಹಾಕಿಸಿ, ಬೀಸಲು ಹೇಳಿದರು. ಎಚ್ಚರ ಬರುವವರೆಗೆ ಬಾಯಿಗೆ ಒಂದು ತೊಟ್ಟೂ ಹಾಕಗೊಡಲಿಲ್ಲ. ಬಳಿಕವೇ ಲಿಂಬೆ, ಉಪ್ಪು, ಸಕ್ಕರೆಯ ನೀರು. ಆಸ್ಪತ್ರೆಗೆ ಸಾಗಿಸಿದೆವು, ಮಾರನೆಯ ದಿನಕ್ಕೆ ಚೇತರಿಸಿಕೊಂಡಳು. ವಾಹನ ಹೊರಡುವ ಮುನ್ನ ಆ ಹಿರಿಯರು ನನ್ನನ್ನು ಒತ್ತಟ್ಟಿಗೆ ಕರೆದು ಕೇಳಿದರು: "ಸಾಹೇಬ್ರ, ನಮ್ಮ ಎತ್ತೂ ಈಗ ನೆರಳಿಗೆ ನಿಂತಾವು. ಈ ಕೂಸುಗೋಳ್ನ ಯಾಕ ಬಿಸಲಾಗ ತಿರಿಗಸಾಕತ್ತೀರಿ?" ಉತ್ತರವಿರಲಿಲ್ಲ. ಆ ದಿನ ಅವರ ಮನೆಯ ಕುಡಿಯುವ ನೀರಿನ ಎರಡು ಕೊಡ ಖಾಲಿಯಾಗಿದ್ದುದು ನನಗೆ ಹೊಳೆದದ್ದು ಊರು ಸೇರಿದ ಮೇಲೆ.

ಆದ್ದರಿಂದ ಮೊದಲ ಮಾತು ಕಾಲದ್ದು. ನಾಲ್ಕು ತಾಲ್ಲೂಕುಗಳಿಗೆ ಹೋಗಲು ತಕ್ಕ ಕಾಲ ಡಿಸೆಂಬರ್ ಮಧ್ಯದಿಂದ ಫೆಬ್ರುವರಿ ಮಧ್ಯದವರೆಗೆ. ತಂಪು ಮಾತ್ರ ಇದಕ್ಕೆ ಕಾರಣವಲ್ಲ. ಆ ನಾಡಿನ ನಿಜವಾದ ಪರಂಪರೆ ಕಣ್ಣಿಗೆ ಕಾಣುವುದೇ ಆಗ. ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ದಾರಿಹೋಕರನ್ನೂ ಕರೆದು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ ಬಡಿಸುತ್ತಾರೆ. ಅದಾದ ಕೆಲವು ವಾರಗಳಿಗೆ ಜೋಳದ ಹಾಲುತೆನೆ ಸುಟ್ಟು ತಿನ್ನುವ ಸೀತನಿಯ ಕಾಲ. ಏಪ್ರಿಲ್‌ನಲ್ಲಿ ಹೋದವನು ಕಾಣುವುದು ಬಿರುಕುಬಿಟ್ಟ ಬರಿಯ ನೆಲವನ್ನು. ಕಂಡು "ಬರಡು ನಾಡು" ಎಂದು ಬರೆದುಕೊಂಡು ಬರುತ್ತಾನೆ.

ಬರಡಲ್ಲ ಅದು. ವರ್ಷಕ್ಕೆ ಸುಮಾರು ಆರುನೂರು ಮಿಲಿಮೀಟರ್ ಮಳೆ. ನಮ್ಮ ಘಟ್ಟದ ಜುಲೈ ತಿಂಗಳೊಂದರಲ್ಲೇ ಅದಕ್ಕಿಂತ ಹೆಚ್ಚು ಬೀಳುತ್ತದೆ. ಅಷ್ಟು ಮಳೆಯನ್ನು ಆಳವಾದ ಎರೆಮಣ್ಣು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಮುಂಗಾರಿನಲ್ಲಿ ಹೊಲವನ್ನು ಖಾಲಿ ಬಿಟ್ಟು, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹಿಂಗಾರಿ ಜೋಳ ಬಿತ್ತುತ್ತಾರೆ. ಮುಂದೆ ಹನಿ ಮಳೆ ಬೀಳದಿದ್ದರೂ ಆ ಒಡಲಿನ ತೇವದಿಂದಲೇ ಬೆಳೆ ಫೆಬ್ರುವರಿಗೆ ಮುಟ್ಟುತ್ತದೆ. ಬಿರುಕು ಬಿಟ್ಟರೆ ತೇವ ಆರುತ್ತದೆಂದು ಮತ್ತೆ ಮತ್ತೆ ಎಡೆ ಹೊಡೆದು ಮೇಲ್ಮಣ್ಣನ್ನು ಪುಡಿ ಮಾಡಿ ಬಿರುಕು ಮುಚ್ಚುತ್ತಾರೆ. ಒಣಬೇಸಾಯದ ಸಂಶೋಧನಾ ಕೇಂದ್ರವೊಂದು ವಿಜಯಪುರದಲ್ಲಿ 1930ರ ದಶಕದಲ್ಲೇ ಆರಂಭವಾಯಿತು. ಅಲ್ಲಿ ವಿಜ್ಞಾನಿಗಳು ಅಳೆದು ತೂಗಿ ಬರೆದ ಸೂತ್ರಗಳಲ್ಲಿ ಹಲವನ್ನು ರೈತರು ಅದಕ್ಕೂ ಮೊದಲೇ ನಡೆಸಿಕೊಂಡು ಬಂದಿದ್ದರು ಎಂಬುದನ್ನು ಅದೇ ವೃತ್ತಿಯವನಾದ ನಾನು ಒಪ್ಪಿಕೊಳ್ಳಬೇಕು. ಆಂಡೀಸ್ ಪರ್ವತದಲ್ಲಿ ಇಂಕಾ ಜನ ಕಟ್ಟಿದ ಮೆಟ್ಟಿಲು ಗದ್ದೆಗಳನ್ನು ನೋಡಲು ಲೋಕವೇ ಹೋಗುತ್ತದೆ. ನೀರು ಮಣ್ಣುಗಳನ್ನು ಹಿಡಿದಿಡುವ ಅದೇ ಜಾಣ್ಮೆ ಇಂಡಿ ಸಿಂದಗಿಗಳ ಹೊಲದ ಒಡ್ಡುಗಳಲ್ಲಿದೆ. ಅದಕ್ಕೆ ಕಲ್ಲಿನ ಬೆಡಗಿಲ್ಲ, ಪ್ರವೇಶಶುಲ್ಕವಿಲ್ಲ, ಆದ್ದರಿಂದ ಪ್ರವಾಸಿಯ ಪಟ್ಟಿಯಲ್ಲೂ ಇಲ್ಲ.

ಎರೆಮಣ್ಣಿನ ಕುರಿತು ಇನ್ನೊಂದು ವ್ಯಾವಹಾರಿಕ ಮಾತು. ಮಳೆ ಬಿದ್ದ ಮೇಲೆ ಹೊಲದ ದಾರಿಗೆ ವಾಹನ ಇಳಿಸಬೇಡಿ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಓಡಿಸಿದ ಅನುಭವ ಅಲ್ಲಿ ಉಪಯೋಗಕ್ಕೆ ಬಾರದು. ಅಂಟುಮಣ್ಣು ಗಾಲಿಗೆ ಸುತ್ತಿಕೊಂಡು ವಾಹನ ಅಲ್ಲೇ ನಿಲ್ಲುತ್ತದೆ. ನಡೆಯುವವನ ಚಪ್ಪಲಿ ಹೆಜ್ಜೆ ಹೆಜ್ಜೆಗೂ ತೂಕವೇರುತ್ತದೆ. ಡೋಣಿಯ ದಂಡೆಯಲ್ಲಂತೂ ವಿಶೇಷ ಎಚ್ಚರ ಬೇಕು. ಹೂಳು ತುಂಬಿದ, ಸವಳು ನೀರಿನ ಆ ನದಿ ಬೇಸಿಗೆಯಲ್ಲಿ ಸಣ್ಣ ಹಳ್ಳದಂತೆ ತೋರಿದರೂ ಮಳೆ ಬಂದರೆ ಹೊಲಗಳ ಮೇಲೆಯೇ ಹರಡಿಕೊಳ್ಳುತ್ತದೆ. ಡೋಣಿ ಹರಿದರೆ ಓಣಿಗೆಲ್ಲ ಜೋಳ ಎಂಬ ಅರ್ಥದ ಗಾದೆಯೂ ಅಲ್ಲಿದೆ, ಡೋಣಿ ಕೊಚ್ಚಿದ ಬೆಳೆಯ ದುಃಖವೂ ಅಲ್ಲಿದೆ.

ಉಸಿರಿಗೆ ಕೊರತೆಯಿಲ್ಲ ಎಂದೆನಷ್ಟೆ. ಒಂದು ಜಾಗ ಮಾತ್ರ ಅದಕ್ಕೆ ಹೊರತು. ಹಳೆಯ ಊರುಗಳಲ್ಲಿ ಜೋಳ ಕಾಪಿಡುವ ನೆಲದಡಿಯ ಹಗೇವುಗಳಿವೆ. ಇಂಕಾ ಜನ ಬೆಟ್ಟದ ಇಳಿಜಾರಿನಲ್ಲಿ, ಗಾಳಿ ಬೀಸುವೆಡೆ ಕಣಜಗಳನ್ನು ಕಟ್ಟಿದರು. ನಮ್ಮವರು ಗಾಳಿಯನ್ನೇ ಹೊರಗಿಟ್ಟು ನೆಲದೊಳಗೆ ಮುಚ್ಚಿದರು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳು ಸಾಯುವುದೂ ಅದರಿಂದಲೇ, ಅಜಾಗರೂಕತೆಯಿಂದ ಇಳಿದ ಮನುಷ್ಯ ಸಾಯುವುದೂ ಅದರಿಂದಲೇ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ ನೋಡುವ ರೂಢಿಯುಂಟು. ಆದರೆ ದೀಪ ಉರಿದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದು. ವಿದ್ಯಾರ್ಥಿಗಳು ಹೊರಗೆ ನಿಂತು ಮನೆಯವರಿಂದ ಕೇಳಿ ತಿಳಿದುಕೊಳ್ಳಲಿ. ಇಳಿಯುವುದು, ಬಗ್ಗಿ ಇಣುಕುವುದು, ಚಿತ್ರಕ್ಕಾಗಿ ಕಾಲು ಇಳಿಬಿಡುವುದು ಬೇಡ.

ನೋಡುವ ಸ್ಥಳಗಳ ಮಾತಿಗೆ ಬರೋಣ. ಹೆಚ್ಚಿನ ಪ್ರವಾಸದ ಬಸ್ಸುಗಳು ಗೋಳಗುಮ್ಮಟ ನೋಡಿ ನೇರ ಬಾದಾಮಿಗೆ ಹೋಗುತ್ತವೆ. ನಡುವೆ ಬಿಟ್ಟುಹೋಗುವುದು ಬಸವಣ್ಣನವರು ಹುಟ್ಟಿದ ಬಾಗೇವಾಡಿ, ಅದರ ಸಮೀಪದ ಇಂಗಳೇಶ್ವರ. ಸಿಂದಗಿಯ ಕಡೆ, ಮಡಿವಾಳ ಮಾಚಿದೇವರ ಊರಾದ ದೇವರ ಹಿಪ್ಪರಗಿ. ಇಂಡಿಯ ಬಳಿ ಸಾಲೋಟಗಿ. ಈ ಸಾಲೋಟಗಿಯನ್ನು ವಿದ್ಯಾರ್ಥಿಗಳು ತಪ್ಪಿಸಬಾರದು. ಅದರ ಹಳೆಯ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನದ ಪ್ರಕಾರ ಅವನ ಮಂತ್ರಿ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದ್ದ. ನಾನಾ ದೇಶಗಳ ವಿದ್ಯಾರ್ಥಿಗಳು ಬಂದು ಓದುತ್ತಿದ್ದರು. ಅವರ ವಸತಿಗೆ ಮನೆಗಳು, ದೀಪದೆಣ್ಣೆಗೆ ಭೂಮಿ, ಊರವರು ಮದುವೆ ಮುಂಜಿಗಳಲ್ಲಿ ಶಾಲೆಗೆ ಸಲ್ಲಿಸಬೇಕಾದ ಕಾಣಿಕೆ, ಎಲ್ಲವೂ ಆ ಶಾಸನದಲ್ಲಿ ಗೊತ್ತುಮಾಡಲ್ಪಟ್ಟಿವೆ. ನಳಂದದಂತಹ ಅವಶೇಷಗಳನ್ನು ಅಲ್ಲಿ ನಿರೀಕ್ಷಿಸಬೇಡಿ. ಹೊರಗಿನಿಂದ ಬಂದ ಹುಡುಗರ ಖರ್ಚನ್ನು ಒಣಭೂಮಿಯ ಊರೊಂದು ಹೊತ್ತಿತ್ತು ಎಂಬುದನ್ನು ಆ ಊರ ಅಗಸಿಯಲ್ಲಿ ನಿಂತು ಓದಿಕೊಳ್ಳಿರಿ.

ಮುದ್ದೇಬಿಹಾಳದ ಕಡೆ ಹೋಗುವವರು 1565ರ ಜನವರಿಯ ಯುದ್ಧದ ನೆಲವನ್ನು ತಾಳಿಕೋಟೆಯಲ್ಲಿ ಹುಡುಕುತ್ತಾರೆ. ಯುದ್ಧಕ್ಕೆ ಆ ಊರಿನ ಹೆಸರು ಬಂದಿದೆಯೇ ಹೊರತು ಕಾಳಗ ನಡೆದದ್ದು ಅಲ್ಲಿಂದ ಬಹುದೂರ ದಕ್ಷಿಣಕ್ಕೆ, ಕೃಷ್ಣೆಯ ಪ್ರದೇಶದಲ್ಲಿ. ರಕ್ಕಸಗಿ ತಂಗಡಗಿ ಎಂಬ ಹೆಸರಿನಿಂದಲೂ ಅದನ್ನು ಕರೆಯುವುದು ಅದಕ್ಕೇ. ನಿಖರವಾದ ಜಾಗದ ಕುರಿತು ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ತಂಗಡಗಿ ಮುದ್ದೇಬಿಹಾಳ ಸೀಮೆಯ ನದೀತೀರದ ಊರು. ಶರಣೆ ನೀಲಮ್ಮನ ನೆನಪು ಅಲ್ಲಿಯದು. ಹೊಳೆಯಾಚೆ ಹುನಗುಂದ ಸೀಮೆಯ ಕೂಡಲಸಂಗಮ. ನಾರಾಯಣಪುರ ಜಲಾಶಯದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಮಂಟಪವನ್ನು ಬಾವಿಯಂತಹ ಗೋಡೆ ಕಟ್ಟಿ ಉಳಿಸಿಕೊಂಡರು. ಈಗ ಮೆಟ್ಟಿಲಿಳಿದು ನೋಡಬೇಕು.

ಆಲಮಟ್ಟಿಗೆ ಎಲ್ಲರೂ ಹೋಗುತ್ತಾರೆ, ಉದ್ಯಾನ ನೋಡಿ ಬರುತ್ತಾರೆ. ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲಿಟ್ಟ ಆ ಅಣೆಕಟ್ಟಿನ ಹಿಂದೆ ನೂರಕ್ಕೂ ಹೆಚ್ಚು ಊರುಗಳ ನೆಲ ಮುಳುಗಿದೆ. ಹಳೆಯ ಕೊಲ್ಹಾರ ಮುಳುಗಿ ಹೊಸದಾಗಿ ನೆಲೆಗೊಂಡಿದೆ. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿರುವುದರಿಂದ ಇನ್ನಷ್ಟು ಊರುಗಳು ಕಾಯುತ್ತ ಕುಳಿತಿವೆ. ಲಿಂಗನಮಕ್ಕಿಯ ಮುಳುಗಡೆಯನ್ನು ಕಂಡ, ಕೇಳಿದ ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ. ಮಲಪ್ರಭೆ ಹುಟ್ಟುವುದು ನಮ್ಮದೇ ಘಟ್ಟದ ಕಣಕುಂಬಿಯಲ್ಲಿ, ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ನಮ್ಮ ಕಾಡು ಹಿಡಿದಿಟ್ಟ ನೀರು ಅಲ್ಲಿ ಹೋಗಿ ಒಬ್ಬರ ಹೊಲಕ್ಕೆ ಕಾಲುವೆಯಾಗುತ್ತದೆ, ಇನ್ನೊಬ್ಬರ ಮನೆಯನ್ನು ಮುಳುಗಿಸುತ್ತದೆ. ಉದ್ಯಾನಕ್ಕೆ ಕೊಡುವ ಎರಡು ತಾಸಿನಲ್ಲಿ ಒಂದು ತಾಸನ್ನು ಪುನರ್ವಸತಿ ಕೇಂದ್ರದ ಹಿರಿಯರೊಬ್ಬರ ಕಟ್ಟೆಯ ಮೇಲೆ ಕಳೆಯಬೇಕೆಂಬುದು ನನ್ನ ಆಗ್ರಹ. ಕ್ಯಾಮೆರಾ ಚೀಲದಲ್ಲಿರಲಿ.

ಕೊನೆಗೆ ನೀರಿನ ಲೆಕ್ಕ. ಐವತ್ತು ಜನರ ಬಸ್ಸೊಂದು ಹಳ್ಳಿಯಲ್ಲಿ ರಾತ್ರಿ ತಂಗಿದರೆ, ತಲೆಗೆ ಇಪ್ಪತ್ತು ಲೀಟರಿನಂತೆ ಸಾವಿರ ಲೀಟರ್ ಬೇಕು. ಅಬ್ಬಿಯ ನೀರನ್ನು ಹಗಲಿರುಳು ಹರಿಯಬಿಟ್ಟು ಬೆಳೆದ ನಮಗೆ ಅದು ಲೆಕ್ಕಕ್ಕೇ ಬಾರದು. ಅಲ್ಲಿ ಹಲವೆಡೆ ಕೊಳವೆಬಾವಿಯ ನೀರು ಸವಳು, ಕೆಲವೆಡೆ ಫ್ಲೋರೈಡ್. ಮುಳವಾಡ, ಚಿಮ್ಮಲಗಿ ಏತ ನೀರಾವರಿಯಿಂದ ಈಚೆಗೆ ಕಾಲುವೆ, ಕೆರೆಗಳಿಗೆ ನೀರು ಬಂದಿರುವುದು ನಿಜ. (ಆ ನೀರಿನಲ್ಲಿ ಎರೆಭೂಮಿಗೆ ಕಬ್ಬು ನುಗ್ಗುತ್ತಿರುವುದರ ಬಗ್ಗೆ ನನಗೆ ಭಯವಿದೆ, ಅದನ್ನು ಬೇರೆಯೇ ಬರೆಯುತ್ತೇನೆ.) ಆದರೂ ಬೇಸಿಗೆಯಲ್ಲಿ ಕುಡಿಯುವ ನೀರೆಂದರೆ ಕೊಡ ಎಣಿಸುವ ಮನೆಗಳು ಇನ್ನೂ ಇವೆ. ನಮ್ಮ ಜಲಪಾತಗಳಿಗೆ ಬಂದು ಬಾಟಲಿ ಎಸೆದುಹೋಗುವ ಪ್ರವಾಸಿಗರ ಮೇಲೆ ಈ ಪುಟಗಳಲ್ಲಿ ಎಷ್ಟೊಂದು ಬರೆದಿದ್ದೇವೆ. ನಾವೇ ಪ್ರವಾಸಿಗರಾಗಿ ಹೋದಾಗ ಬೇರೆ ಏನು ಮಾಡಿದ್ದೇವೆ? ಪೆರು ದೇಶ ಇಂಕಾ ಕಾಲುದಾರಿಯಲ್ಲಿ ಹೊರೆಯಾಳುಗಳೂ ಸೇರಿ ದಿನಕ್ಕೆ ಐನೂರು ಜನರಿಗೆ ಮಾತ್ರ ಅವಕಾಶ ಕೊಡುತ್ತದೆ, ಫೆಬ್ರುವರಿಯಲ್ಲಿ ದಾರಿಯನ್ನೇ ಮುಚ್ಚುತ್ತದೆ. ಇಂಥ ಸ್ಥಳಗಳಿಗೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಒಯ್ಯುವುದನ್ನು 2019ರಿಂದ ನಿಷೇಧಿಸಿದೆ. ಸರಕಾರ ಹೇಳುವವರೆಗೆ ನಾವು ಕಾಯಬೇಕಾಗಿಲ್ಲ.

ವಿದ್ಯಾರ್ಥಿಗಳೊಡನೆ ಮತ್ತೆ ಕುಳಿತು ಮಾತನಾಡಿದ ಮೇಲೆ ಪ್ರವಾಸವನ್ನು ಜನವರಿಗೆ ಬದಲಿಸಿದ್ದೇವೆ. ಐವತ್ತು ಜನರ ಒಂದು ಬಸ್ಸಿನ ಬದಲು ಹದಿನೈದು ಜನರ ಎರಡು ತಂಡಗಳು, ವಾರದ ಅಂತರದಲ್ಲಿ, ನಾಲ್ಕು ದಿನ. ಹುಬ್ಬಳ್ಳಿಯಿಂದ ಗದಗ ಮಾರ್ಗದ ರೈಲು ಆಲಮಟ್ಟಿ, ಬಸವನ ಬಾಗೇವಾಡಿ ರೋಡ್, ವಿಜಯಪುರ, ಇಂಡಿ ರೋಡ್ ನಿಲ್ದಾಣಗಳನ್ನು ಹಾದುಹೋಗುತ್ತದೆ. "ರೋಡ್" ಎಂದಿರುವಲ್ಲಿ ಊರು ದೂರವಿದೆಯೆಂದು ತಿಳಿದು ಮುಂದಿನ ಬಸ್ಸು ವಿಚಾರಿಸಿಕೊಳ್ಳಬೇಕು. ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ 2023ರಿಂದ ಟಿಕೆಟ್ಟಿಲ್ಲ, ಗುರುತಿನ ಚೀಟಿ ಇರಲಿ. ಹಳೆಯ ನಕ್ಷೆ ಹಿಡಿದವರು ಗೊಂದಲಗೊಳ್ಳುವುದು ಬೇಡ: ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಈ ನಾಲ್ಕು ತಾಲ್ಲೂಕುಗಳಿಂದಲೇ ಬೇರ್ಪಟ್ಟು ಈಗ ಸ್ವತಂತ್ರ ತಾಲ್ಲೂಕುಗಳಾಗಿವೆ.

ಬೆಳಗಿನ ಆರೂವರೆಗೆ ಹೊರಟು ಹನ್ನೊಂದಕ್ಕೆ ನೆರಳು ಸೇರುವುದು, ನಾಲ್ಕರ ಮೇಲೆ ಮತ್ತೆ ಹೊರಡುವುದು. ಜನವರಿಯಲ್ಲಿಯೂ ಇದೇ ಕ್ರಮ. ರಾತ್ರಿ ಚಳಿಯಿರುತ್ತದೆ, ಕಂಬಳಿ ಬೇಕು. ಪ್ರತಿಯೊಬ್ಬರೂ ಎರಡು ಲೀಟರಿನ ಸ್ಟೀಲ್ ಬಾಟಲಿ, ತಲೆಗೆ ಬಿಳಿಯ ಬಟ್ಟೆ, ತಮ್ಮ ತಟ್ಟೆ ಲೋಟ ತರತಕ್ಕದ್ದು. ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸುವ ಪೊಟ್ಟಣಗಳನ್ನು ನಾನು ಕಟ್ಟಿಡುತ್ತೇನೆ. ಲಿಂಬೆಯನ್ನು ಇಲ್ಲಿಂದ ಒಯ್ಯುವುದು ಬೇಡ. ಭೌಗೋಳಿಕ ಗುರುತು ಪಡೆದ ಇಂಡಿ ಲಿಂಬೆಯನ್ನು ಅಲ್ಲಿಯ ಸಂತೆಯಲ್ಲೇ ಕೊಳ್ಳೋಣ. ಯಾರಾದರೂ ತಡವರಿಸಿ ಮಾತನಾಡತೊಡಗಿದರೆ ಅಥವಾ ಮೈ ಸುಡತೊಡಗಿದರೆ ಹಾಸ್ಯ ಮಾಡದೆ ನೆರಳಿಗೆ ತಂದು, ಮೈ ತೋಯಿಸಿ, 108ಕ್ಕೆ ಕರೆ ಮಾಡಬೇಕು.

ಡೋಣಿ ದಂಡೆಯ ಆ ಹಿರಿಯರಿಗೆ ಫೋನು ಮಾಡಿದ್ದೆ. ಗುರುತು ಹಿಡಿದರು. "ಬರ್ರಿ, ಸೀತನಿ ಸುಡೂಣು. ನೀರ ಚಿಂತಿ ಬ್ಯಾಡ, ಈ ಸಲ ಬಾವ್ಯಾಗ ಅದಾವು" ಎಂದರು. ನೀರನ್ನು ನಾವು ತಾಳಿಕೋಟೆಯಿಂದ ಕ್ಯಾನುಗಳಲ್ಲಿ ಒಯ್ಯುತ್ತೇವೆಂದೇ ಹೇಳಿದ್ದೇನೆ. ಮೊದಲ ತಂಡದಲ್ಲಿ ಇನ್ನು ನಾಲ್ಕು ಸ್ಥಳಗಳು ಉಳಿದಿವೆ. ಹೆಸರು ಕೊಡುವವರು ದೀಪಾವಳಿಯೊಳಗೆ ಕೊಡಬೇಕು.